ಅವಳ ಹೆಸರಿನ ಮುಂದೆ ಬರೆಯದ ಪದ

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಹಾಕುವುದು, ಕಾಗದಪತ್ರ ಬರೆಯುವುದು ನನ್ನ ಕೆಲಸ. ಒಂದು ಕಡೆ ಕೂರುವ ಜೀವವಲ್ಲ ನನ್ನದು. ಮೇಲಿಂದ ಕನ್ನಡದ ಹುಚ್ಚು ಬೇರೆ. ಯಾರಾದರೂ ತಪ್ಪು ಪದ ಬಳಸಿದರೆ ಮೈಯೆಲ್ಲ ಉರಿಯುತ್ತಿತ್ತು.

ಹಣ್ಣು ಕೊಯ್ಲು ಮುಗಿಯುತ್ತಾ ಬಂದಾಗ ಮ್ಯಾನೇಜರು ಒಂದು ಪಟ್ಟಿ ಕೇಳಿದರು. ಮಳೆಗಾಲಕ್ಕೂ ಆಳುಗಳ ಸಾಲುಮನೆಯಲ್ಲಿ, ಅಂದರೆ ಲೈನಿನಲ್ಲಿ, ಯಾರು ಉಳಿಯಬೇಕು, ಯಾರು ಊರಿಗೆ ಹೋಗಬೇಕು ಎಂಬುದು ಅದರ ಮೇಲೆ ತೀರ್ಮಾನವಾಗುವುದಿತ್ತು. ಪ್ರತಿ ಹೆಸರಿನ ಮುಂದೆ ಅವರಿಗೆ ಬರುವ ಕೆಲಸವನ್ನು ಒಂದೇ ಪದದಲ್ಲಿ ಬರೆಯಬೇಕು. ಬಡಗಿ, ಗಾರೆ, ಕಳೆ ಕೀಳುವವರಿಗೆ ಕಳೆ, ಗಿಡ ಸವರುವವರಿಗೆ ಕಪಾತು ಎಂದು ಸರಸರ ಬರೆದುಕೊಂಡು ಹೋದೆ. ಪಲ್ಪರ್ ಮನೆಯ ಹೆಂಗಸಿನ ಹೆಸರಿಗೆ ಬಂದಾಗ ಪೆನ್ನು ನಿಂತಿತು.

ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಸುಲಿದ ಕಾಫಿ ಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ. ಲೋಳೆ ಬಿಟ್ಟ ಕೂಡಲೇ ತೊಳೆಯಬೇಕು. ತಡವಾದರೆ ಬೀಜ ನಾರುತ್ತದೆ, ಅವಸರ ಮಾಡಿದರೆ ಅಂಟು ಉಳಿಯುತ್ತದೆ. ಗಡಿಯಾರ ನೋಡಿ ಹೇಳುವ ಹಾಗಿಲ್ಲ. ಚಳಿಯ ದಿನ ಒಂದು ಹೊತ್ತು, ಮೋಡದ ದಿನ ಇನ್ನೊಂದು. ಬೆಳಿಗ್ಗೆ ಅವಳು ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ಬೀಜ ತೆಗೆದು ಕಿವಿಯ ಹತ್ತಿರ ಉಜ್ಜುವಳು. ಜಲ್ಲಿಯಂತೆ ಜರಜರ ಎಂದರೆ ನೀರು ಬಿಡಲು ಹೇಳುವಳು. ನಾನೂ ಉಜ್ಜಿ ನೋಡಿದ್ದೆ. ನನಗೆ ದಿನವೂ ಒಂದೇ ಸದ್ದು.

ಇದಕ್ಕೆ ಏನೆಂದು ಬರೆಯುವುದು? ಕೈಚಳಕ ಎಂದರೆ ಇಸ್ಪೀಟಿನವನ, ಜೇಬುಗಳ್ಳನ ನೆನಪಾಗುತ್ತದೆ. ಇವಳ ಕೈಯಲ್ಲಿ ಬಚ್ಚಿಡುವಂಥದ್ದೇನೂ ಇರಲಿಲ್ಲ. ಕಸುಬು ಅಪ್ಪನಿಂದ ಮಗನಿಗೆ ಇಳಿದು ಬರುವಂಥದ್ದು, ಕಮ್ಮಾರನದು, ಕುಂಬಾರನದು. ನೈಪುಣ್ಯ ಸನ್ಮಾನಪತ್ರದ ಮಾತು. ‘ಪಳಗಿದ ಕೈ’ ಹತ್ತಿರ ಬಂತು. ಆದರೆ ಅದು ಎರಡು ಪದ, ಮತ್ತು ಅವಳನ್ನು ಪಳಗಿಸಿದವರು ಯಾರೂ ಇರಲಿಲ್ಲ.

ಮೂರು ದಿನ ಕಾಫಿ ಕಣದ ಸುತ್ತ ಸುಮ್ಮನೆ ತಿರುಗಿದೆ. ಊಟ ರುಚಿಸಲಿಲ್ಲ. ಕೊನೆಗೆ ಅವಳನ್ನೇ ಕೇಳಿದೆ.

“ಕೈಗೆ ಗೊತ್ತಾಗ್ತದೆ ರೈಟ್ರೇ, ಅದಕ್ಕೆ ಹೆಸರು ಎಂತಕ್ಕೆ?” ಎಂದಳು. ಆಮೇಲೆ ದನಿ ತಗ್ಗಿಸಿ, ಮಗಳು ಸುಂಟಿಕೊಪ್ಪದ ಶಾಲೆಗೆ ಈಗಷ್ಟೇ ಹೊಂದಿಕೊಂಡಿದ್ದಾಳೆ, ಹೇಗಾದರೂ ಲೈನಿನಲ್ಲಿ ಉಳಿಸಿ ಎಂದು ಕೇಳಿಕೊಂಡಳು. ಚಿಂತೆ ಬೇಡ ಅಕ್ಕ, ನಿಮ್ಮದೇ ಮೊದಲ ಹೆಸರು ಎಂದೆ. ಮನಸ್ಸಿನಲ್ಲಿ ಇದ್ದುದನ್ನೇ ಹೇಳಿದ್ದೆ.

ನಾಲ್ಕನೆಯ ದಿನ ಬಸ್ಸು ಹತ್ತಿ ಮಡಿಕೇರಿಗೆ ಹೋದೆ, ನನಗೆ ಪಾಠ ಹೇಳಿದ ಕನ್ನಡ ಪಂಡಿತರನ್ನು ಕೇಳಲು. ಅವರು ನಿಘಂಟು ತೆಗೆದು ಆರೇಳು ಪದ ಕೊಟ್ಟರು. ಒಂದೂ ಒಪ್ಪಿಗೆಯಾಗಲಿಲ್ಲ. ಸಂಜೆ ವಾಪಸು ಬಂದರೆ ನನ್ನ ಮೇಜಿನ ಮೇಲಿದ್ದ ಪಟ್ಟಿಯನ್ನು ಮ್ಯಾನೇಜರು ಒಯ್ದು ಲೈನಿನ ಕೋಣೆಗಳನ್ನು ಹಂಚಿಯಾಗಿತ್ತು. ಏನೂ ಬರೆಯದ ಹೆಸರು ಎಂದರೆ ಏನೂ ಬಾರದವಳು ಎಂದು ಅವರು ತಿಳಿದಿದ್ದರು. ಓಡಿಹೋಗಿ ಬೇಡಿಕೊಂಡೆ. ಯಾಕೆ ಬರೆಯಲಿಲ್ಲ ಎಂದರು. ಪದ ಸಿಗಲಿಲ್ಲ ಎನ್ನಲು ನಾಚಿಕೆಯಾಗಿ, ಮರೆತೆ ಎಂದೆ. ಹಾಗಾದರೆ ಮುಂದಿನ ಹಣ್ಣು ಕೊಯ್ಲಿಗೆ ಬರಲಿ ಎಂದು ಮಾತು ಮುಗಿಸಿದರು.

ಅವಳು ಹೊರಟ ದಿನ ಬಸ್ಸಿನವರೆಗೆ ಗಂಟು ಹೊತ್ತೆ. ಮಗಳು ಸ್ಲೇಟನ್ನು ಎದೆಗೆ ಅವುಚಿಕೊಂಡು ಮುಂದೆ ನಡೆಯುತ್ತಿದ್ದಳು. ತಾಯಿಯ ಮುಂದಾದರೂ ಸುಳ್ಳು ಹೇಳಬಾರದೆಂದು, ಪದಕ್ಕಾಗಿ ಅಲೆದ ಕತೆಯನ್ನೆಲ್ಲ ಒಪ್ಪಿಸಿದೆ. ಅವಳು ಸಿಟ್ಟಾಗಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕೂರಗೊಡುವುದಿಲ್ಲ.

“ಕಳೆ ಅಂತ ಬರೆದಿದ್ರೆ ಸಾಕಿತ್ತಲ್ಲ ರೈಟ್ರೇ,” ಎಂದಳು. “ಅದೂ ಬರ್ತದೆ ನಂಗೆ.”