ಎಂಟು ಕೈಯಾಕಿ

ಶಹಾಪುರದಲ್ಲಿ ಬಣ್ಣದ ಮೀನು ಮಾರುವುದು ನನ್ನ ಕಸುಬು. ಹೈದರಾಬಾದಿನ ವ್ಯಾಪಾರಿ ಒಮ್ಮೆ ನಾನು ಕೇಳದಿದ್ದರೂ ಅಂಗೈಯಗಲದ ಆಕ್ಟೋಪಸ್ ಒಂದನ್ನು ಕಳಿಸಿಬಿಟ್ಟ. ಸಮುದ್ರವನ್ನೇ ಕಾಣದ ನಮ್ಮೂರಿನಲ್ಲಿ ಅದನ್ನು ಕೊಳ್ಳುವ ಪುಣ್ಯಾತ್ಮ ಯಾರು? ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ಹದ ಮಾಡಿ, ಅದರೊಳಗೆ ಬಿಟ್ಟೆ.

ಅವ್ವನದು ಮೊಟ್ಟೆಯನ್ನೂ ಹೊಸ್ತಿಲೊಳಗೆ ಬಿಡದ ಮಡಿ. ಆಕ್ಟೋಪಸ್ಸಿಗೆಂದು ಸಿಗಡಿ ತಂದ ದಿನ ಸೂರು ಹಾರಿಹೋಗುವಂತೆ ಕೂಗಾಡಿದಳು. ಒಂದು ಸಂಜೆ ಅದು ತೊಟ್ಟಿಯ ಅಂಚಿಗೆ ಬಂದು ಅವಳ ಬೆರಳು ಹಿಡಿದುಕೊಂಡಿತು. ಅಲ್ಲಿಗೆ ಮಡಿ ಮುಗಿಯಿತು. "ಎಂಟು ಕೈಯಾಕಿ ಉಣ್ಣಾಕ ಕಾಯಾಕತ್ಯಾಳ, ಜಲ್ದಿ ಬಾ" ಎಂದು ಅಂಗಡಿಗೆ ಫೋನು ಬರತೊಡಗಿತು. ನಾನು ಉಂಡೆನೋ ಬಿಟ್ಟೆನೋ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಕಡೆಗೆ ಮೂಗಿಗೆ ಸೆರಗು ಹಿಡಿದು, ಚಿಮಟದಲ್ಲಿ ಸಿಗಡಿ ಎತ್ತಿ ತಾನೇ ತಿನ್ನಿಸಿದಳು. ಅಪ್ಪ ತೀರಿಕೊಂಡ ಮೇಲೆ ಅವಳು ಅಷ್ಟೊಂದು ಮಾತಾಡಿದ್ದು ಅದರೊಂದಿಗೇ.

ಮೀನು ತರಲು ನಾನು ಹೈದರಾಬಾದಿಗೆ ಹೋಗಿದ್ದಾಗ, ಅದು ಅಡಗಿ ಕೂರುತ್ತಿದ್ದ ಮಣ್ಣಿನ ಕುಡಿಕೆ ಅವ್ವನ ಕೈಜಾರಿ ಒಡೆಯಿತು. ಅದಕ್ಕೊಂದು ಮನೆ ಬೇಡವೇ? ಹುಣಸೆಹಣ್ಣು ಹಚ್ಚಿ ತಿಕ್ಕಿ, ತನ್ನ ಪೂಜೆಯ ತಾಮ್ರದ ಚೆಂಬನ್ನೇ ತೊಟ್ಟಿಗೆ ಇಳಿಸಿದಳು. ತಾಮ್ರದ ನೀರು ಮೈಗೆ ಒಳ್ಳೆಯದೆಂದು ನಮ್ಮನ್ನೆಲ್ಲ ಬೆಳಗಾಗೆದ್ದು ಕುಡಿಸಿ ಬೆಳೆಸಿದವಳು.

ಉಪ್ಪುನೀರಿನಲ್ಲಿ ತಾಮ್ರ ಕರಗುತ್ತದೆ. ಅಂಥ ಜೀವಗಳಿಗೆ ಅದು ವಿಷ. ನಾನು ಮರಳಿದಾಗ ಚೆಂಬು ಹಸಿರುಗಟ್ಟಿತ್ತು. ಒಳಗೆ ಅದು ಸುಣ್ಣದ ಬಣ್ಣಕ್ಕೆ ತಿರುಗಿ ಮಲಗಿತ್ತು. ಬೆರಳು ಇಟ್ಟೆ, ಹಿಡಿಯಲಿಲ್ಲ.

"ನಿನ್ನಿಯಿಂದ ಏನೂ ಉಣ್ಣಲಿಲ್ಲಪಾ. ನಾ ಏನರ ತಪ್ಪು ಮಾಡೀನೇನೋ?" ಅವ್ವ ಚಿಮಟ ಹಿಡಿದೇ ನಿಂತಿದ್ದಳು.

ಸಿಟ್ಟು ನೆತ್ತಿಗೇರಿತ್ತು ನನಗೆ. ಬೈಯಲೆಂದೇ ಬಾಯಿ ತೆರೆದವನು ಅವಳ ಮುಖ ನೋಡಿದೆ.

"ಇಲ್ಲವ್ವಾ, ಅದಕ್ಕ ವಯಸ್ಸಾಗಿತ್ತು. ಅವು ಬದುಕೋದೇ ವರ್ಷ, ಭಾಳಂದ್ರ ಎರಡು" ಎಂದೆ.

ಅವಳು ನಂಬಿದಳು. ಎಷ್ಟು ನಂಬಿದಳೆಂದರೆ, ಮನೆಗೆ ಬಂದವರ ಮುಂದೆಲ್ಲ ಈಗಲೂ ಹೇಳುತ್ತಾಳೆ: "ಕಡೀಕ ನನ್ನ ಪೂಜಿ ಚೆಂಬಿನ್ಯಾಗ ಮಕ್ಕೊಂಡು ಹ್ವಾದ್ಳು ನೋಡ್ರಿ. ಪುಣ್ಯಾದ ಜೀವ. ಹೌದಲ್ಲೋ?"

ಬಂದವರು ನನ್ನ ಕಡೆ ತಿರುಗುತ್ತಾರೆ. ಹೌದ್ರಿ, ಅನ್ನುತ್ತೇನೆ.