ಐದು ಮನೆ ಸುತ್ತಿದ ಆಲ್ಬಮ್

ಹಲ್ಲಣ್ಣ ಊರಿನವರ ಬಾಯಲ್ಲಿದ್ದಾನೆ ಎಂದರೆ ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಕಡಿಮೆಯೆಂದರೂ ಆರುನೂರು ಬಾಯಿಗಳಲ್ಲಿ ಅವನು ಮಾಡಿದ ಹಲ್ಲಿನ ಸೆಟ್ಟುಗಳಿವೆ. ಡಾಕ್ಟರುಗಳು ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಬಣ್ಣದ ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತಾನೆ. ಬೇರೆಯವರ ನಗುವಿಗಾಗಿ ಇಪ್ಪತ್ತಾರು ವರ್ಷ ಹಲ್ಲು ಕಚ್ಚಿ ದುಡಿದ ಈ ಮನುಷ್ಯ ಸಂಜೆಯಾದರೆ ಎಲೆಕ್ಟ್ರಿಕ್ ಗಿಟಾರ್ ಹಿಡಿಯುತ್ತಾನೆಂಬುದು ಆ ಆರುನೂರರಲ್ಲಿ ಒಂದು ಬಾಯಿಗೂ ಗೊತ್ತಿಲ್ಲ.

ಗೊತ್ತಿರುವವರು ಲಾಂಡ್ರಿಯ ಮೇಲಿನ ಕೋಣೆಯವರು. ಟೈಪಿಂಗ್ ಕಲಿಸುತ್ತಿದ್ದ ಮೇಡಂ ಒಬ್ಬರು ನಿವೃತ್ತರಾದ ಮೇಲೆ ಅಲ್ಲಿ ಆಲ್ಬಮ್ ಹೊರತರುವ ತಮ್ಮದೇ ಮ್ಯೂಸಿಕ್ ಲೇಬಲ್ ಶುರು ಮಾಡಿದ್ದಾರೆ. ದೊಡ್ಡ ಕಂಪನಿಗಳು ಬಾಗಿಲು ತೆರೆಯದವರಿಗೆ ಮೇಡಂ ಕಿಟಕಿಯನ್ನೂ ತೆರೆದಿಡುತ್ತಾರೆ. ಇಲ್ಲದಿದ್ದರೆ ಕೆಳಗಿನ ಇಸ್ತ್ರಿಯ ಹಬೆಗೆ ಬಂದವರು ಬೆಂದೇಹೋಗುತ್ತಾರೆ. ತಗ್ಗಿನ ಸ್ವರದ ಬೇಸ್ ಗಿಟಾರ್ ನುಡಿಸುವ ಬ್ಯಾಂಕ್ ಕ್ಲರ್ಕ್, ಹಾಡುವ ನರ್ಸ್, ಕೀಬೋರ್ಡಿಗೆ ಒಬ್ಬ ಟೈಲರ್, ಡ್ರಮ್ಸಿಗೆ ಬಸ್ ಮೆಕ್ಯಾನಿಕ್, ಗಿಟಾರಿಗೆ ಹಲ್ಲಣ್ಣ. ಇಷ್ಟು ವರ್ಷ ಒಬ್ಬೊಬ್ಬರೂ ಬೇರೆಬೇರೆ ಆಲ್ಬಮ್ ಮಾಡುತ್ತಿದ್ದರು. ಉಳಿದ ನಾಲ್ವರು ಕೇಳಿ, ಚೆನ್ನಾಗಿದೆ ಎಂದು ಹೇಳಿ ಮನೆಗೆ ಹೋಗುತ್ತಿದ್ದರು.

ಈ ವರ್ಷ ಮೇಡಂ, "ಎಲ್ಲ ಸೇರಿ ಒಂದು ಮಾಡಿ. ಎಂಟು ಹಾಡು, ಡ್ರೀಮ್ ಪಾಪ್," ಎಂದರು. ಐವರ ಡ್ಯೂಟಿ ಐದು ಹೊತ್ತಿನದು. ಹಾಗಾಗಿ ಲೇಬಲ್ಲಿನ ಏಕಮಾತ್ರ ಲ್ಯಾಪ್‌ಟಾಪು ಮನೆಯಿಂದ ಮನೆಗೆ ಹೋಗತೊಡಗಿತು. ಒಬ್ಬರಿಗೆ ಒಂದು ತಿಂಗಳು, ಒಂದೇ ನಿಯಮ. "ಸೇರಿಸಬಹುದು, ಅಳಿಸೋ ಹಾಗಿಲ್ಲ. ಮೊದಲಿನವರು ಏನು ಮಾಡಿದ್ದಾರೋ ಅದನ್ನ ಪೂರ್ತಿ ಕೇಳಿ, ಆಮೇಲೆ ಕೈ ಹಾಕಿ."

"ಡ್ರೀಮ್ ಪಾಪ್ ಅಂದ್ರೇನ್ರೀ?" ಎಂದು ಹೆಂಡತಿ ಕೇಳಿದಳು.

"ದನಿ ಮಂಜಿನ ಹಿಂದಿಂದ ಬಂದ ಹಾಗಿರ್ಬೇಕು. ಗಿಟಾರು ಎಲ್ಲಿ ಶುರುವಾಯ್ತು, ಎಲ್ಲಿ ಕರಗ್ತು ಅಂತ ಗೊತ್ತಾಗ್ಬಾರ್ದು."

"ನಿಮ್ಮ ಗೊರಕೆನೂ ಹಾಗೇ ಇದೆ. ಅದನ್ನೇ ಕೊಟ್ಬಿಡಿ."

ಸರದಿಯಲ್ಲಿ ಕೊನೆಯವನು ಹಲ್ಲಣ್ಣ. ಲ್ಯಾಪ್‌ಟಾಪು ಮನೆಗೆ ಬಂದಾಗ ನಾಲ್ವರ ನಾಲ್ಕು ತಿಂಗಳು ಅದರೊಳಗಿತ್ತು. ಅವನ ಹೊಟ್ಟೆಯೊಳಗೆ ಒಂದು ಗುಟ್ಟಿತ್ತು. ಅವನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕಿವಿಯ ನಡುವಿನ ಪುಟ್ಟ ಮೂಳೆಯೊಂದು ಬಿಗಿದುಕೊಂಡಿದೆ, ಒಳಕಿವಿ ಚೆನ್ನಾಗಿದೆ, ದಾರಿ ಮಾತ್ರ ಕಟ್ಟಿದೆ ಎಂದಿದ್ದರು ಕಿವಿಯ ಡಾಕ್ಟರು. ಪಿಸುಮಾತು, ತಗ್ಗಿನ ಸ್ವರ ಒಳಕ್ಕೆ ಹೋಗುತ್ತಿರಲಿಲ್ಲ.

"ನನ್ನ ಮಾತು ನಿಮ್ಮ ಕಿವಿಗೆ ಹೋಗ್ದೆ ಇಪ್ಪತ್ತೆರಡು ವರ್ಷ ಆಯ್ತು," ಎಂದಿದ್ದಳು ಹೆಂಡತಿ. "ಡಾಕ್ಟರಿಗೆ ಈಗ ಗೊತ್ತಾಯ್ತಾ?" ಹಾಗೆಂದವಳು ಅವತ್ತಿನಿಂದ ಎದುರಿಗೆ ಬಂದು ನಿಂತೇ ಮಾತಾಡುತ್ತಿದ್ದಳು.

ಲೇಬಲ್ಲಿನವರ ಮುಂದೆ ಮಾತ್ರ ಅವನು ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಹೊರಗೆ. ಹೇಳದೆ ನುಡಿಸಿದರೆ ನಾಲ್ವರ ಕೆಲಸದ ಮೇಲೆ ಕಣ್ಣು ಮುಚ್ಚಿ ಕಲ್ಲು ಎಸೆದ ಹಾಗೆ, ಅದೂ ಅಳಿಸಲಾಗದ ಹಾಗೆ.

ಮೂರು ವಾರ ಕೇಳಿದ. ನಾಲ್ಕನೆಯ ಹಾಡು ಅವನಿಗೆ ಅಡಿಪಾಯವಿಲ್ಲದ ಮನೆಯ ಹಾಗೆ ಅನ್ನಿಸಿತು. ಮೊದಲ ನಿಮಿಷವಂತೂ ಪೂರ್ತಿ ಖಾಲಿ. ಅಲ್ಲಿಗೆ ತಾನೇ ದಪ್ಪನೆಯದೊಂದು ಗಿಟಾರ್ ಹಾಕೋಣವೆಂದು ತಂತಿ ಬಿಗಿಯುತ್ತಿದ್ದಾಗ ಹೆಂಡತಿ ಬಂದು ನಿಂತಳು. "ಅದ್ಯಾರ್ರೀ ಗುಂಯ್ ಅನ್ನಿಸ್ತಿರೋದು? ಎದೆ ಒಳಗೇ ಬಂದು ಕೂತ ಹಾಗಿದೆ."

ಹಲ್ಲಣ್ಣ ಗಿಟಾರ್ ಕೆಳಗಿಟ್ಟ. ಅವನಿಗೆ ಖಾಲಿಯಾಗಿದ್ದ ಜಾಗದಲ್ಲಿ ಕ್ಲರ್ಕ್ ಸಾರ್ ಬೇಸ್ ಹಿಡಿದು ಕೂತಿದ್ದರು.

ಮರುದಿನ ಭಾನುವಾರ. ಮನಸ್ಸು ಕೆಟ್ಟಾಗ ಅವನಿಗೆ ಕೆಲಸವೇ ಮದ್ದು. ಹಲ್ಲು ಕಟ್ಟುವ ಲ್ಯಾಬಿಗೆ ಲ್ಯಾಪ್‌ಟಾಪು ಒಯ್ದು, ಸ್ಪೀಕರಿನಲ್ಲಿ ಅದೇ ಹಾಡು ಹಾಕಿ, ಯಾರದೋ ಮೇಲಿನ ಸಾಲಿನ ಮೇಣ ತಿದ್ದುತ್ತಾ ಕೂತ. ಎರಡು ಕೈಯಲ್ಲೂ ಪ್ಲಾಸ್ಟರಿನ ದವಡೆ. ಅಂಥ ಹೊತ್ತಿನಲ್ಲಿ ಮೇಣದ ಚಾಕುವಿನ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಅವನ ಹಳೆಯ ಅಭ್ಯಾಸ. ಹಾಗೇ ಮುಂದಕ್ಕೆ ಬಗ್ಗಿ ಶೆಲ್ಫಿನ ಮೇಲೆ ದವಡೆಯಿಡಲು ಹೋದಾಗ ಚಾಕುವಿನ ತುದಿ ಸ್ಪೀಕರಿನ ಪೆಟ್ಟಿಗೆಗೆ ತಾಗಿತು.

ಕಟ್ಟಿದ್ದ ದಾರಿಯ ಗೊಡವೆಯೇ ಇಲ್ಲದೆ ಸ್ವರ ಹಲ್ಲಿನಿಂದ ದವಡೆಗೆ, ದವಡೆಯಿಂದ ಬುರುಡೆಗೆ ಹತ್ತಿ ಒಳಗೆಲ್ಲ ದೀಪ ಹಾಕಿದ ಹಾಗೆ ಹರಡಿತು. ಕ್ಲರ್ಕ್ ಸಾರ್ ಒಂದೇ ಒಂದು ತಗ್ಗಿನ ಸ್ವರವನ್ನು ನಿಮಿಷವಿಡೀ ಹಿಡಿದಿದ್ದರು. ಅದರ ಮೇಲೆ ನರ್ಸಮ್ಮ, ಮಲಗಿದ ರೋಗಿಗೆ ಎಚ್ಚರವಾಗದ ಹಾಗೆ, ಉಸಿರಿನಲ್ಲೇ ಹಾಡುತ್ತಿದ್ದಳು. ಮೂರು ವಾರದಲ್ಲಿ ಅವನು ಆ ಹಾಡು ಕೇಳಿಯೇ ಇರಲಿಲ್ಲ. ಆ ಮನೆಯ ಸೂರನ್ನಷ್ಟೇ ನೋಡಿದ್ದ. ಅವನು ಅಲುಗಾಡಲಿಲ್ಲ. ಅಲುಗಾಡಿದರೆ ಹೊರಟುಹೋಗುತ್ತದೇನೋ ಎಂಬ ಭಯ. ಜೊಲ್ಲು ಗಲ್ಲಕ್ಕಿಳಿಯಿತು, ಸೊಂಟ ಹಿಡಿದುಕೊಂಡಿತು. ಸುತ್ತ ಶೆಲ್ಫುಗಳಲ್ಲಿ ಇಪ್ಪತ್ತು ಜೊತೆ ದವಡೆಗಳು ಬಾಯಿ ತೆರೆದು ಕೂತಿದ್ದವು. ಇವನೊಬ್ಬ ಮಾತ್ರ ಬಾಯಿ ಮುಚ್ಚಿ, ಎಂಟೂ ಹಾಡುಗಳನ್ನು ಮೊದಲಿಂದ ಕೇಳಿದ. ಒಬ್ಬರ ಮುಖ ಒಬ್ಬರು ನೋಡದೆ ನಾಲ್ಕು ಮನೆಗಳಲ್ಲಿ ಮಾಡಿದ್ದು ಒಂದೇ ಮೈಯಾಗಿ ಉಸಿರಾಡುತ್ತಿತ್ತು.

ತಿಂಗಳು ಮುಗಿದ ದಿನ ಎಲ್ಲರೂ ಲಾಂಡ್ರಿಯ ಮೇಲೆ ಸೇರಿದರು. ಗುಟ್ಟು ಹೇಳದೆ ಕೈ ಹಾಕಲು ಮನಸ್ಸೊಪ್ಪದೆ ಹಲ್ಲಣ್ಣ ಏನನ್ನೂ ಸೇರಿಸಿರಲಿಲ್ಲ. ಕೂತವನೇ ಕಿವಿಯ ಕಥೆ, ಹಲ್ಲಿನಲ್ಲಿ ಕೇಳಿದ ಕಥೆ, ಎರಡನ್ನೂ ಪೂರ್ತಿ ಹೇಳಿಬಿಟ್ಟ.

 ಕ್ಲರ್ಕ್ ಸಾರ್ ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ನನ್ನ ಬೇಸ್ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಲ್ಲ?"

"ಮೊದಲು ಕೇಳಿಸ್ತಿತ್ತು ಸಾರ್, ಆಗ ಹೇಳಿದ್ದು ನಿಜ. ಈ ವರ್ಷದ್ದು ಅಂದಾಜು."

ಎಲ್ಲರಿಗಿಂತ ಮೊದಲು ನಕ್ಕವರು ಕ್ಲರ್ಕ್ ಸಾರೇ. ಮೇಡಂ ನಗಲಿಲ್ಲ. "ಗಿಟಾರ್ ತಂದಿದ್ದೀಯಾ?"

"ತಂದಿದೀನಿ ಮೇಡಂ. ಆದ್ರೆ..."

"ಆದ್ರೆ ಗೀದ್ರೆ ಆಮೇಲೆ. ಕೂತ್ಕೋ."

ಗಿಟಾರಿನ ಬುಡವನ್ನು ಸ್ಪೀಕರಿನ ಪೆಟ್ಟಿಗೆಯ ಮೇಲೆ ಊರಿ, ಅದರ ಒಡಲಿನಿಂದ ಮೇಲಕ್ಕೆ ಚಾಚಿದ ಮರದ ಕೊಂಬನ್ನು ಅವನು ಹಲ್ಲಿನಲ್ಲಿ ಕಚ್ಚಿಕೊಂಡ. ಮೇಡಂ ರೆಕಾರ್ಡಿಂಗ್ ಶುರು ಮಾಡಿದರು, ಹಾಡು ಮರದೊಳಗಿಂದ ಹತ್ತಿ ಬಂತು. ನಾಲ್ಕನೆಯದು. ಅರ್ಧ ನಿಮಿಷ ಕಳೆಯಿತು. ಅವನ ಕೈ ಏಳಲಿಲ್ಲ. ಪಾಪ, ಕೇಳಿಸುತ್ತಿಲ್ಲವೆಂದು ಟೈಲರ್ ನಿಲ್ಲಿಸಲು ಹೋದ. ಕ್ಲರ್ಕ್ ಸಾರ್ ಅವನ ಕೈ ಹಿಡಿದರು. ಒಂದು ನಿಮಿಷ ತುಂಬಿ ಅವರ ಸ್ವರ ಇಳಿಯುತ್ತಿದ್ದ ಹಾಗೆ, ಆ ಇಳಿಜಾರಿನಲ್ಲೇ ಹಲ್ಲಣ್ಣನ ಗಿಟಾರು ಎದ್ದಿತು. ಎಲ್ಲಿ ಶುರುವಾಯಿತೆಂದು ಯಾರಿಗೂ ತಿಳಿಯಲಿಲ್ಲ. ನರ್ಸಮ್ಮ ತನ್ನದೇ ದನಿಯನ್ನು ಬೇರೆ ಯಾರದೋ ಎಂಬಂತೆ ಕೇಳುತ್ತಾ ನಿಂತಳು. ಡ್ಯೂಟಿಗೆ ಹೊತ್ತಾಗಿತ್ತು, ಬ್ಯಾಗು ಹೆಗಲ ಮೇಲೇ ಇತ್ತು.

ಹಾಡು ಮುಗಿಯಿತು. ರೆಕಾರ್ಡಿಂಗ್ ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಐದನೆಯದು ಶುರುವಾಯಿತು. ಹಲ್ಲಣ್ಣ ಕಣ್ಣು ತೆರೆದು ಎಲ್ಲರನ್ನೂ ಒಮ್ಮೆ ನೋಡಿದ, ಬಾಯಿ ಬಿಡದೆ ತಲೆಯಾಡಿಸಿದ, ನುಡಿಸುತ್ತಾ ಹೋದ.