ನವಿಲಿಗೆ ಸಾಲದೆ ಹೋದ ಜಾಗ

ಯಂತ್ರಕ್ಕೂ ನೆನಪಿನ ತೊಂದರೆ ಇರುತ್ತದೆ ಎಂದರೆ ನಮ್ಮಮ್ಮ ನಂಬಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ಮಗ್ಗಗಳು ದಿನವಿಡೀ ಗಡಗಡಿಸುತ್ತಿದ್ದವು. ನೂಲು ಕಡಿದರೆ ನಿಲ್ಲುತ್ತಿದ್ದವು, ಕರೆಂಟು ಹೋದರೆ ನಿಲ್ಲುತ್ತಿದ್ದವು; ಮರೆತು ನಿಂತದ್ದನ್ನು ಆಕೆ ಕಂಡಿರಲಿಲ್ಲ. “ಅಷ್ಟು ದೊಡ್ಡ ಮಿಷನ್ನು ಅಂತೀಯ, ಒಂದು ನವಿಲು ನೆನಪಿಟ್ಕೊಳ್ಳಕ್ಕಾಗಲ್ವಾ ಅದಕ್ಕೆ?” ಎಂದು ಕೇಳಿದಳು. ಕೇಳಿದ ಧಾಟಿ ನೋಡಿದರೆ ಅನುಮಾನ ಯಂತ್ರದ ಮೇಲಿರಲಿಲ್ಲ, ನನ್ನ ಮೇಲಿತ್ತು.

ಇದು ಎಪ್ಪತ್ತರ ದಶಕದ ಮಾತು. ನಾನು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಸರ್ಕಾರಿ ಸಂಸ್ಥೆಗೆ ಹೋಗುತ್ತಿದ್ದೆ. ಅಲ್ಲೊಂದು ಕೋಣೆ ತುಂಬಾ ಕಂಪ್ಯೂಟರ್ ಇತ್ತು. ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ ಒಳಗೆ ಹೋಗಬೇಕು. ದೇವಸ್ಥಾನಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಇಷ್ಟೇ: ಇಲ್ಲಿ ಪ್ರಸಾದವಾಗಿ ನಮ್ಮ ನಮ್ಮ ತಪ್ಪುಗಳೇ ಕೈಗೆ ಸಿಗುತ್ತಿದ್ದವು. ನಾನು ಅದರಲ್ಲಿ ಚಿತ್ರ ಬಿಡಿಸುವ ಪುಟ್ಟದೊಂದು ಪ್ರೋಗ್ರಾಂ ಬರೆದಿದ್ದೆ. ತೂತು ಕೊರೆದ ಕಾರ್ಡುಗಳನ್ನು ಯಂತ್ರಕ್ಕೆ ಉಣಿಸಿದರೆ, ಅದು ಉದ್ದನೆಯ ಕಾಗದದ ಮೇಲೆ ಚುಕ್ಕಿ, ನಕ್ಷತ್ರಗಳನ್ನು ಒತ್ತಿ ಚಿತ್ರ ಮಾಡುತ್ತಿತ್ತು.

ನಮ್ಮ ನಿರ್ದೇಶಕರಿಗೆ ಇದು ತಿಳಿದದ್ದೇ ತಡ, ದೊಡ್ಡಬಳ್ಳಾಪುರದ ನೇಕಾರರ ಸಂಘಕ್ಕೆ ಮಾತು ಕೊಟ್ಟುಬಿಟ್ಟರು. ಸೀರೆಯ ಸೆರಗಿಗೆ ಕಂಪ್ಯೂಟರ್ ಬರೆದ ನವಿಲು. ಅದರ ಸುರುಳಿ ಬಿಚ್ಚಿ ಊರಿಗೆ ತೋರಿಸಲು ಮಂತ್ರಿಗಳು. ನನ್ನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ. ಸಮಾರಂಭ ಸುಸೂತ್ರವಾಗಿ ನಡೆದರೆ ಆ ವಿಚಾರ ನೋಡೋಣ ಎಂದರು.

ನವಿಲು ಮಾತ್ರ ಸುಸೂತ್ರವಾಗಿ ಬರಲಿಲ್ಲ. ಕೊಕ್ಕು ಬರುತ್ತಿತ್ತು, ಕತ್ತು ಬರುತ್ತಿತ್ತು, ಹೊಟ್ಟೆ ಬರುತ್ತಿತ್ತು. ಗರಿ ಶುರುವಾಗುವ ಹೊತ್ತಿಗೆ ಯಂತ್ರ, ನೆನಪಿನಲ್ಲಿ ಜಾಗವಿಲ್ಲ ಎಂದು ಇಂಗ್ಲಿಷಿನಲ್ಲಿ ಒತ್ತಿ ನಿಂತುಬಿಡುತ್ತಿತ್ತು. ಮೊದಲು ಕಾರ್ಡುಗಳ ಮೇಲೆ ಸಂಶಯಪಟ್ಟೆ, ಆಮೇಲೆ ಕೋಣೆಯ ಸೆಕೆಯ ಮೇಲೆ, ಕೊನೆಗೆ ನನ್ನ ವಿದ್ಯಾಭ್ಯಾಸದ ಮೇಲೆ. ಪುಟ್ಟ ಗುಬ್ಬಿಯನ್ನು ಕೊಟ್ಟು ನೋಡಿದೆ, ಪೂರ್ತಿ ಬಂತು. ಹಾಗಾದರೆ ಪ್ರೋಗ್ರಾಂ ಸರಿಯಿದೆ. ಹಕ್ಕಿಯನ್ನೇ ತೆಗೆದು ನೋಡಿದೆ, ಆಗಲೂ ನೆನಪು ಮುಕ್ಕಾಲು ಭರ್ತಿ. ಹಕ್ಕಿಯೇ ಇಲ್ಲದ ಗೂಡಿನಲ್ಲಿ ಕೂತಿರುವವರು ಯಾರು ಎಂದು ಹುಡುಕಿದರೆ, ಸಿಕ್ಕಿದವರು ನಮ್ಮ ಅಧಿಕಾರಿಗಳು!

ಚಿತ್ರದ ಮೇಲ್ಗಡೆ ಮಂತ್ರಿಗಳ, ನಿರ್ದೇಶಕರ, ಉಪನಿರ್ದೇಶಕರ ಹೆಸರುಗಳು ಪದವಿ, ಬಿರುದುಗಳ ಸಮೇತ ಬರಬೇಕೆಂದು ಅಪ್ಪಣೆಯಾಗಿತ್ತು. ಅದೂ ಗೇಣುದ್ದದ ಅಕ್ಷರಗಳಲ್ಲಿ. ಅಷ್ಟು ದೊಡ್ಡ ಅಕ್ಷರವೆಂದರೆ ಯಂತ್ರಕ್ಕೆ ಅದೂ ಒಂದು ಚಿತ್ರವೇ. ನಿರ್ದೇಶಕರ ಲಂಡನ್ನಿನ ಪದವಿಯೊಂದೇ ನವಿಲಿನ ಅರ್ಧ ಗರಿಯನ್ನು ನುಂಗಿತ್ತು.

ವಿಷಯವನ್ನು ವಿನಯದಿಂದಲೇ ನಿರ್ದೇಶಕರಿಗೆ ತಿಳಿಸಿದೆ. ಸಭೆ ಸೇರಿತು. ಉಪನಿರ್ದೇಶಕರು ನಿರ್ದೇಶಕರ ಬಿರುದುಗಳನ್ನು ಮುಟ್ಟಬಾರದೆಂದರು. ನಿರ್ದೇಶಕರು ಉಪನಿರ್ದೇಶಕರದನ್ನು ಸ್ವಲ್ಪ ಮೊಟಕು ಮಾಡಬಹುದೇನೋ ಎಂದರು. ಆಮೇಲೆ ಕಾಫಿ ಬಂತು. ಕಾಫಿ ಮುಗಿಯುವುದರೊಳಗೆ ಇಬ್ಬರಲ್ಲೂ ಒಮ್ಮತ ಮೂಡಿತ್ತು.

“ಗರಿ ಯಾವಾಗ ಬೇಕಾದ್ರೂ ಸೇರಿಸ್ಬಹುದು ಕಣ್ರೀ,” ಎಂದರು ನಿರ್ದೇಶಕರು, “ಹೆಸರು ಬಿಟ್ಟೋದ್ರೆ ಆಮೇಲೆ ಸೇರಿಸಕ್ಕಾಗುತ್ತಾ?”

ನಾನು ಗರಿ ಕತ್ತರಿಸಿದೆ.

ಸಂಘದ ಸಭಾಂಗಣದಲ್ಲಿ ನಮ್ಮ ಬೀದಿಗೆ ಬೀದಿಯೇ ಸೇರಿತ್ತು. ಹೆಂಗಸರ ಸಾಲಿನಲ್ಲಿ ಅಮ್ಮ, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಕೂತಿದ್ದಳು. ಮಂತ್ರಿಗಳು ಸುರುಳಿ ಬಿಡಿಸಿದರು. ಹೆಸರುಗಳು ಇಳಿದವು, ಬಿರುದುಗಳು ಇಳಿದವು, ಎಲ್ಲಕ್ಕೂ ಕೆಳಗೆ ಒಂದು ಬೋಳು ಹಕ್ಕಿ ನಿಂತಿತ್ತು. ಮಂತ್ರಿಗಳು ಅದನ್ನು ಅಕ್ಕರೆಯಿಂದ ನೋಡಿ, ಕೋಳಿ ಸಾಕಣೆಯಿಂದ ಹಳ್ಳಿಗಳು ಹೇಗೆ ಉದ್ಧಾರವಾಗುತ್ತವೆ ಎಂದು ಸುದೀರ್ಘವಾಗಿ ಮಾತಾಡಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ನಮ್ಮ ನಿರ್ದೇಶಕರು. ಸಂಘದ ಅಧ್ಯಕ್ಷ ಚನ್ನಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, “ಇದನ್ನ ಸೆರಗಿಗೆ ಹಾಕಿದ್ರೆ ಯಾರಪ್ಪಾ ಉಡ್ತಾರೆ?” ಎಂದರು. ಅಮ್ಮ ಚಿತ್ರವನ್ನು ನೋಡಲೇ ಇಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡಿದೆ.

ನನ್ನ ನೌಕರಿ ಕಾಯಂ ಆಯಿತು. ಹೆಸರುಗಳು ಒಂದೂ ತಪ್ಪಿಲ್ಲದೆ ಬಂದಿದ್ದವಲ್ಲ.

ಮುಂದೆ ನಿರ್ದೇಶಕರಿಗೆ ಬಡ್ತಿಯಾಗಿ ವರ್ಗವಾಯಿತು. ಹೊಸಬರು ಬರುವವರೆಗೆ ಕುರ್ಚಿ ಖಾಲಿ. ಖಾಲಿ ಕುರ್ಚಿಗೆ ಬಿರುದುಗಳಿರುವುದಿಲ್ಲವಾದ್ದರಿಂದ, ಒಂದು ಮಧ್ಯಾಹ್ನ ಹೆಸರಿನ ಕಾರ್ಡುಗಳನ್ನೆಲ್ಲ ಬದಿಗಿಟ್ಟು ಯಂತ್ರ ಓಡಿಸಿದೆ. ನವಿಲು ಬಂತು. ಗರಿಗಳು ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತಲೇ ಹೋದವು, ಯಂತ್ರ ಒಂದು ಮಾತೂ ಆಡಲಿಲ್ಲ.

ಅದನ್ನು ಸುತ್ತಿ ಊರಿಗೆ ಒಯ್ದೆ. ಅಮ್ಮ ಮಗ್ಗ ನಿಲ್ಲಿಸಿ ಎದ್ದು ಬಂದಳು. ಗರಿಯ ಒಂದೊಂದು ಕಣ್ಣಿನ ಮೇಲೂ ಬೆರಳಾಡಿಸಿದಳು.

“ಚೆನ್ನಾಗಿ ಬಿದ್ದೈತೆ ಕಣೋ,” ಎಂದಳು. “ನಿನ್ನ ಹೆಸರೆಲ್ಲೋ?”

ಅದೆಲ್ಲ ಯಾಕೆ ಬಿಡಮ್ಮ ಎಂದು ದೊಡ್ಡ ಮನುಷ್ಯನಂತೆ ನಕ್ಕೆ. ಆಕೆ ಮಗ್ಗಕ್ಕೆ ಮರಳಿದ ಮೇಲೆ ಪೆನ್ಸಿಲ್ ಹಿಡಿದು ಕಾಗದದ ನಾಲ್ಕೂ ಮೂಲೆ ಹುಡುಕಿದೆ. ಗರಿ ಅಂಚಿನವರೆಗೂ ಹರಡಿಕೊಂಡಿತ್ತು. ಒಂದೆರಡನ್ನು ಅಳಿಸಿದರೆ ನನ್ನ ಹೆಸರು ಧಾರಾಳವಾಗಿ ಹಿಡಿಸುತ್ತಿತ್ತು.